ಲಕ್ಸಂಬುರ್ಗಿ ಖುರ್ದದ ಮೂಡಲ ಒಡ್ಡು

ಎರಡನೆಯ ಮಹಾಯುದ್ಧ ಮುಗಿದು ಎಂಬತ್ತು ವರ್ಷಗಳಾದ ಮೇಲೆ, ಯುರೋಪ ಖಂಡದ ಲಕ್ಸೆಂಬರ್ಗ ಎಂಬ ಸಣ್ಣ ದೇಶದ ಪೂರ್ವ ಗಡಿಯನ್ನು ಗೋಕಾಕದಲ್ಲಿ, ಒಂದು ಗುರುವಾರ, ಊಟದ ಬಿಡುವಿಗೆ ಹತ್ತು ನಿಮಿಷ ಮೊದಲು, ನಾಲ್ಕು ಗುಂಟೆಯಷ್ಟು ಮುಂದಕ್ಕೆ ಸರಿಸಲಾಯಿತು. ಆದೇಶಕ್ಕೆ ಸಹಿ ಇದೆ, ಸಿಕ್ಕೆಯ ಮುದ್ರೆ ಇದೆ, ಹೊರಗೆ ಹೋಗುವ ಕಾಗದಕ್ಕೆ ಹಾಕುವ ಜಾವಕ ನಂಬರು ಇದೆ. ಜರ್ಮನಿ ಲಿಖಿತ ಒಪ್ಪಿಗೆ ಕೊಟ್ಟಿದೆ. ಸಂಬಂಧಪಟ್ಟ ಯಾರಿಂದಲೂ ತಕರಾರು ಬಂದಿಲ್ಲ.

ಇಷ್ಟು ದೊಡ್ಡ ಕೆಲಸ ಇಷ್ಟು ಸಲೀಸಾಗಿ ಆದದ್ದು ಕುಲಗೋಡದ ಸತ್ತೆವ್ವಳಿಂದ. ಲಕ್ಸೆಂಬರ್ಗ ಎಲ್ಲಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಈಗಲೂ ಆಕೆಯ ಪ್ರಕಾರ ಅದು ಸಂಕೇಶ್ವರ ದಾಟಿ ಕೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಎಡಕ್ಕೆ ಬರುತ್ತದೆ.

ಸತ್ತೆವ್ವಳಿಗೆ ಅರವತ್ತೆಂಟು ವರ್ಷ. ಕುರಿ ಕಾಯುವ ಮನೆತನ; ಪ್ರಾಯದಲ್ಲಿ ಹಿಂಡಿಗೆ ಬಂದ ತೋಳವನ್ನು ಕಂಬಳಿ ಬೀಸಿ ಓಡಿಸಿದವಳು. ಹಳ್ಳದ ದಂಡೆಗೆ ಎರಡು ಎಕರೆ ಹದಿನಾಲ್ಕು ಗುಂಟೆ ಹೊಲ. ಗಂಡ ಶೆಟ್ಟೆಪ್ಪ ತೀರಿಕೊಂಡು ಮೂರು ವರ್ಷ. ಸಾಯುವ ಮುಂಚೆ ಅವನು ಕೇಳಿಕೊಂಡದ್ದು ಒಂದೇ ಮಾತು. "ಮೂಡಲಕ್ಕ ಬೇವಿನ ಗಿಡ ಐತೆಲ್ಲ, ಅದರ ಬುಡಕ ಇಡ್ರಿ. ಮುಂಜಾನಿ ಬಿಸಲ ಬೀಳಬೇಕು." ಹಾಗೆಯೇ ಇಟ್ಟರು. ಮೇಲೊಂದು ಸಣ್ಣ ಕಟ್ಟೆ ಕಟ್ಟಿಸಿದರು. ಅವತ್ತಿನಿಂದ ಊರಿನ ಹೆಂಗಸರು ಕೂಡಿದ ಕಡೆ ಕುಂಕುಮದ ತಟ್ಟೆ ಸತ್ತೆವ್ವಳ ಮುಂದಿನಿಂದ ನಿಲ್ಲದೆ ದಾಟಿ ಹೋಗತೊಡಗಿತು. ಅದು ಆಕೆಗೆ ಚುಚ್ಚುತ್ತಿತ್ತು, ಆದರೆ ಆಕೆ ಯಾರ ಮುಂದೂ ಆಡಲಿಲ್ಲ. ಅಮಾವಾಸ್ಯೆಗೊಮ್ಮೆ ಕಟ್ಟೆಯ ಹತ್ತಿರ ಹೋಗಿ ಕೂತು ಬರುತ್ತಿದ್ದಳು.

ಆ ಹೊಲದ ಮೂಡಲಕ್ಕೆ ಸೋಮಲಿಂಗನ ಕಬ್ಬು. ಸೋಮಲಿಂಗ ಕೆಟ್ಟ ಮನುಷ್ಯ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ಅವನ ಟ್ರ್ಯಾಕ್ಟರಿಗೆ ಮಾತ್ರ ನಡುವಿನ ಒಡ್ಡು ಕಂಡರೆ ಆಗುತ್ತಿರಲಿಲ್ಲ. ಪ್ರತಿ ಸಲ ನೇಗಿಲು ಹೊಡೆದಾಗ ಅದು ಒಂದು ಸಾಲಿನಷ್ಟು ಈಚೆಗೆ ಬರುತ್ತಿತ್ತು. ಎರಡು ವರ್ಷದಲ್ಲಿ ಒಡ್ಡು ನಾಲ್ಕು ಗುಂಟೆ ನಡೆದು, ಬೇವಿನ ಗಿಡವನ್ನೂ ಕಟ್ಟೆಯನ್ನೂ ದಾಟಿ ಈಚೆ ಬಂದು ಕೂತಿತು. ಹೀಗಾಗಿ ತನ್ನ ಹೊಲದಲ್ಲಿ ಮಲಗಿದ್ದ ಶೆಟ್ಟೆಪ್ಪ, ಮಗ್ಗುಲು ಸಹ ಬದಲಿಸದೆ, ಸೋಮಲಿಂಗನ ಕಬ್ಬಿನಲ್ಲಿ ಮಲಗಿದಂತಾಯಿತು.

"ಏ ಸೋಮ್ಯಾ, ನಿನ್ನ ಟ್ರ್ಯಾಕ್ಟರಿಗೆ ಕಣ್ಣ ಅದಾವಿಲ್ಲೋ?" ಎಂದು ಸತ್ತೆವ್ವ ಅವನ ಮನೆ ಬಾಗಿಲಿಗೇ ಹೋಗಿ ಕೇಳಿದಳು. "ನಿಮ್ಮ ಕಾಕಾನ್ನ ದಾಟಿ ಒಡ್ಡ ಹಾಕೀಯಲ್ಲ, ಮನಸರ ಹ್ಯಾಂಗ ಬಂತು?"

"ಕಾಕಾ ನನಗೇನ ಹೊರಗಿನವರೇನ್ರಿ ಕಾಕು?" ಎಂದ ಸೋಮಲಿಂಗ, ಬಹಳ ಪ್ರೀತಿಯಿಂದ. "ನಿಮ್ಮ ಹೊಲದಾಗಿದ್ರೇನು, ನಮ್ಮ ಹೊಲದಾಗಿದ್ರೇನು. ಕಬ್ಬಿಗೆ ನೀರ ಬಿಟ್ಟಾಗ ತಣ್ಣಗ ಇರತಾರ. ಆದ್ರ ಆ ಕಟ್ಟಿ ಅಡ್ಡ ಬಂದ ಸಾಲ ಸೊಟ್ಟ ಆಗಾಕತ್ತಾವು. ಬರೂ ವರ್ಷ ದೀಪಾವಳಿ ಆದಮ್ಯಾಲ ಹೊಸಾ ಕಬ್ಬ ಹಚ್ಚೂದೈತಿ. ಅಷ್ಟರಾಗ ಕಟ್ಟಿ ತಗದ ಸಪಾಟ ಮಾಡತೀನಿ, ನೀವೇನ ಬ್ಯಾಸರ ಮಾಡ್ಕೋಬ್ಯಾಡ್ರಿ."

ಸತ್ತೆವ್ವ ಅಲ್ಲಿಂದಲೇ ತಿರುಗಿದಳು. ಮನೆಗೆ ಬಂದವಳೇ ಚಪ್ಪಲಿ ಮೆಟ್ಟಿ ಗೋಕಾಕದ ಬಸ್ಸು ಹತ್ತಿದಳು.

ಗೋಕಾಕದ ಹಳೇ ಹತ್ತಿ ಗೋದಾಮಿನ ಮೇಲಂತಸ್ತಿನಲ್ಲಿ 'ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸಂಯುಕ್ತ ಹದ್ದು ನಿಷ್ಕರ್ಷೆ ಕಚೇರಿ' ಇದೆ. ಎರಡು ಹೊಲಗಳ ನಡುವಿನ ಹದ್ದು ಎಲ್ಲಿದೆ ಎಂದು ಅಳೆದು, ಕಲ್ಲು ನೆಟ್ಟು, ಕಾಗದ ಕೊಡುವುದು ಅದರ ಕೆಲಸ. ಕಚೇರಿ ಹೊಸದಾಗಿ ತೆರೆದಾಗ ಬೋರ್ಡು ಓದಿದ ಒಬ್ಬ ಪುಣ್ಯಾತ್ಮ, ತನ್ನ ಕೋಳಿಮರಿಗಳನ್ನು ಹದ್ದು ಎತ್ತಿಕೊಂಡು ಹೋಗುತ್ತಿದೆ ಎಂದು ಅರ್ಜಿ ಕೊಟ್ಟಿದ್ದ. ಕಚೇರಿ ಅವನನ್ನು ನಕ್ಕು ಕಳಿಸಲಿಲ್ಲ. ಒಂಬತ್ತು ತಿಂಗಳು ವಿಚಾರಣೆ ನಡೆಸಿ, 'ಸದರಿ ಹದ್ದು ತನ್ನ ಹದ್ದಿನಲ್ಲಿ ಇರತಕ್ಕದ್ದು' ಎಂದು ಆದೇಶ ಮಾಡಿತು. ಹದ್ದಿಗೂ ಒಂದು ಪ್ರತಿ ಕಳಿಸಲಾಯಿತು. ಅದು 'ವಿಳಾಸದಾರರು ಮೇಲಿದ್ದಾರೆ' ಎಂಬ ಷರಾದೊಂದಿಗೆ ಮರಳಿ ಬಂತು.

ಸತ್ತೆವ್ವಳ ಮೊದಲ ಅರ್ಜಿ ಬಣ್ಣದ ನಕಾಶೆ ಇಲ್ಲ ಎಂದು ವಾಪಸಾಯಿತು. ಎರಡನೆಯದು ಖಾತೇದಾರರ ಸಹಿ ಇಲ್ಲ ಎಂದು ವಾಪಸಾಯಿತು.

"ಉತಾರದಾಗ ಶೆಟ್ಟೆಪ್ಪ ಅಂತ ಐತಿ. ಅವರ ಬಂದ ಸಹಿ ಮಾಡಬೇಕು," ಎಂದ ಆವಕ ಕ್ಲಾರ್ಕ ರಾಜಪ್ಪ. ಒಳಗೆ ಬರುವ ಕಾಗದಕ್ಕೆಲ್ಲ ನಂಬರು ಹಾಕುವವನು ಅವನೇ.

"ಅವರು ತೀರಿಕೊಂಡಾರ್ರಿ ಸಾಹೇಬ್ರ."

"ಉತಾರದಾಗ ತೀರಿಲ್ಲಲ್ಲ."

ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಶೆಟ್ಟೆಪ್ಪನನ್ನು ತೀರಿಸಬೇಕಾದರೆ ಮೊದಲು ಹೊಲದ ಹದ್ದು ನಿಶ್ಚಯವಾಗಬೇಕು. ಹದ್ದು ನಿಶ್ಚಯವಾಗಬೇಕಾದರೆ ಮೊದಲು ಶೆಟ್ಟೆಪ್ಪ ತೀರಬೇಕು. ನಿಯಮ ಸ್ಪಷ್ಟವಾಗಿಯೇ ಇದೆ. ಸತ್ತೆವ್ವ ಒಂದು ವರ್ಷ ಈ ನಿಯಮದ ಸುತ್ತ ತಿರುಗಿ ಎರಡು ಜೋಡಿ ಚಪ್ಪಲಿ ಸವೆಸಿದಳು. ದೀಪಾವಳಿಗೆ ಎರಡು ತಿಂಗಳು ಉಳಿದಾಗ ಮೂರನೆಯ ಅರ್ಜಿ ಬರೆಸಿದಳು.

ಅರ್ಜಿ ಬರೆಯುವವಳು ಮೊಮ್ಮಗಳು ಅರ್ಚನಾ. ಗೋಕಾಕದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಅದೇ ವಾರ ಅವಳ ಇತಿಹಾಸದ ಸರ್ ಇಡೀ ತರಗತಿಗೆ ಒಂದು ಪ್ರಬಂಧ ಹಚ್ಚಿದ್ದರು. ವಿಷಯ 'ಪರ್ಯಾಯ ಇತಿಹಾಸ', ಅಂದರೆ ಆದದ್ದನ್ನು ಬಿಟ್ಟು ಆಗಬಹುದಾಗಿದ್ದನ್ನು ಬರೆಯುವುದು. ರೋಲ್ ನಂಬರಿನ ಪ್ರಕಾರ ದೇಶ ಹಂಚಿದರು. ಅರ್ಚನಾಳಿಗೆ ಬಂದದ್ದು ಲಕ್ಸೆಂಬರ್ಗ. ಎರಡನೆಯ ಮಹಾಯುದ್ಧದ ಬಳಿಕ ಅದರ ಗಡಿಯನ್ನು ಜರ್ಮನಿಯ ಕಡೆಗೆ ಸರಿಸಿದ್ದರೆ ಏನಾಗುತ್ತಿತ್ತು ಎಂದು, ಆ ಜನರೇ ಗೆದ್ದ ದೇಶಗಳಿಗೆ ಮನವಿ ಕೊಟ್ಟಂತೆ ಬರೆಯಬೇಕಾಗಿತ್ತು.

ಮನವಿ ಎಂದರೆ ಅರ್ಚನಾಳಿಗೆ ಗೊತ್ತಿದ್ದದ್ದು ಒಂದೇ ಬಗೆಯದು, ಆಯಿ, ಅಂದರೆ ಅಜ್ಜಿ, ಹೇಳಿ ಬರೆಸಿದ್ದು. ಅವಳು ಹೀಗೆ ಬರೆದಳು: 'ಮಾನ್ಯರೇ, ನಾವು ಲಕ್ಸೆಂಬರ್ಗದ ರಹವಾಸಿಗಳಿದ್ದು, ನಮ್ಮ ಮೂಡಲಕ್ಕೆ ಹೊಂದಿ ಜರ್ಮನಿ ಎಂಬ ಬಾಜೂದಾರರಿರುತ್ತಾರೆ. ಸದರಿಯವರು ದಾಂಡಿಗತನದಿಂದ 1914 ಮತ್ತು 1940ನೇ ಇಸವಿಯಲ್ಲಿ, ಹೀಗೆ ಎರಡು ಸಲ ನಮ್ಮ ಒಡ್ಡು ದಾಟಿ ಬಂದು, ಕೇಳಲು ಹೋದರೆ ನಿಮ್ಮದೇನು ನಮ್ಮದೇನು ಎಂದು ಉಡಾಫೆ ಮಾತಾಡಿರುತ್ತಾರೆ. ನಾವು ಬಡವರಿದ್ದು, ನಮಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ. ಕಾರಣ ಹದ್ದು ನಿಶ್ಚಯಿಸಿ, ಕಲ್ಲು ನೆಟ್ಟು ಕೊಡಲು ವಿನಂತಿ.' ಲಕ್ಸೆಂಬರ್ಗ ಬಡ ದೇಶವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಆ ಸಾಲಿಲ್ಲದೆ ಅರ್ಜಿ ಮುಗಿಸುವುದು ಹೇಗೆ ಎಂದು ತಿಳಿಯಲಿಲ್ಲ. ಕೊನೆಗೆ ತನ್ನ ಹೆಸರು, ಕುಲಗೋಡದ ಮನೆಯ ವಿಳಾಸ ಹಾಕಿದಳು. ಜೊತೆಗೆ ಬಣ್ಣದ ನಕಾಶೆ ಬಿಡಿಸಿದಳು. ಹಸಿರು ಸ್ಕೆಚ್ ಪೆನ್ನು ಲಕ್ಸೆಂಬರ್ಗದ ಕಾಡು ತುಂಬುವಷ್ಟರಲ್ಲಿ ಒಣಗಿತು. ಆಯಿಯ ಹೊಲಕ್ಕೆ ಪೆನ್ಸಿಲ್ಲಷ್ಟೇ ಉಳಿಯಿತು.

ಮರುದಿನ ಎರಡೂ ಕಾಗದ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗೋಕಾಕಕ್ಕೆ ಬಂದವು. ಅರ್ಚನಾ ಆಯಿಯ ಆಧಾರ್ ಕಾರ್ಡಿನ ಝೆರಾಕ್ಸ್ ತರಲು ಕೆಳಗೆ ಇಳಿದಳು. ಓದಲು ಬಾರದ ಸತ್ತೆವ್ವ ಚೀಲವನ್ನೇ ರಾಜಪ್ಪನ ಮುಂದೆ ಇಟ್ಟಳು.

ರಾಜಪ್ಪ ಮೇಲಿನ ಕಾಗದ ಓದಿದ. ಎದ್ದು ನಿಂತು ಮತ್ತೊಮ್ಮೆ ಓದಿದ. "ಯವ್ವಾ, ಇಪ್ಪತ್ತೊಂದ ವರ್ಷದ ಸರ್ವಿಸಿನಾಗ ಇಂಥಾ ಚೊಕ್ಕ ಅರ್ಜಿ ನೋಡಿಲ್ಲ. ಬಣ್ಣದ ನಕಾಶೆ ಐತಿ, ಚಕ್ಕುಬಂದಿ ಐತಿ, ಇಸವಿ ಹಾಕಿ ತಕರಾರ ಐತಿ. ಊರ ಯಾವ್ದು... ಲಕ್ಸೆಂಬರ್ಗ? ಬರದಾಕಿ ತಪ್ಪ ಬರದಾಳ ನೋಡು. ಕಲಬುರ್ಗಿ ಇದ್ದಂಗ ಲಕ್ಸಂಬುರ್ಗಿ ಅಂತ ಇರಬೇಕು." ಕಂಪ್ಯೂಟರಿನಲ್ಲಿ ಹಾಗೆಯೇ ತಿದ್ದಿ ಕೇಳಿದ, "ಬುದ್ರುಕೋ, ಖುರ್ದೋ?"

ನಮ್ಮ ಕಡೆ ಒಂದೇ ಹೆಸರಿನ ಎರಡು ಊರಿದ್ದರೆ ದೊಡ್ಡದಕ್ಕೆ ಬುದ್ರುಕ ಎಂದೂ ಸಣ್ಣದಕ್ಕೆ ಖುರ್ದ ಎಂದೂ ಹಚ್ಚಿ ಕರೆಯುವುದು ವಾಡಿಕೆ. ತನ್ನ ಹೊಲ ಎಷ್ಟು ದೊಡ್ಡದೆಂದು ಕೇಳುತ್ತಿದ್ದಾನೆ ಎಂದುಕೊಂಡ ಸತ್ತೆವ್ವ, "ಸಣ್ಣದರಿ. ಸಣ್ಣದೈತಿ ಅಂತನ ಬಾಜೂದಾವ ಒತ್ತಾಕತ್ತಾನ," ಎಂದಳು.

'ಲಕ್ಸಂಬುರ್ಗಿ ಖುರ್ದ' ಎಂದು ದಾಖಲಾಯಿತು. ತಾಲೂಕು ಯಾವುದೆಂದು ಗೊತ್ತಾಗದ ಊರುಗಳನ್ನು ಹುಕ್ಕೇರಿಯಲ್ಲಿ ಇವೆ ಎಂದು ಭಾವಿಸತಕ್ಕದ್ದು ಎಂಬ ನಿಯಮ ಇರುವುದರಿಂದ ಹುಕ್ಕೇರಿ ಎಂದು ತುಂಬಿದ. ಠಪ್ಪೆಂದು ಸಿಕ್ಕೆ ಬಿತ್ತು. ಚೀಲದ ತಳದಲ್ಲಿದ್ದ ಇನ್ನೊಂದು ಕಾಗದವನ್ನು ತಿರುವಿ ನೋಡಿ, "ಇದರ ನಕಾಶೆಗೆ ಬಣ್ಣ ಇಲ್ಲ," ಎಂದು ವಾಪಸು ಕೊಟ್ಟ. ವಾಪಸು ಬಂದದ್ದು ಕುಲಗೋಡದ ಸತ್ತೆವ್ವಳ ಅರ್ಜಿ.

ಮರುದಿನ ಕಾಲೇಜಿನಲ್ಲಿ ಪ್ರಬಂಧ ಒಪ್ಪಿಸಲು ಅರ್ಚನಾ ಚೀಲ ತೆಗೆದಾಗ ಅದರಲ್ಲಿ ಆಯಿಯ ಅರ್ಜಿಯಷ್ಟೇ ಇತ್ತು. ಸಂಜೆಯೊಳಗೆ ಆಯಿಯನ್ನು ಕರೆದುಕೊಂಡು ಕಚೇರಿಗೆ ಓಡಿದಳು. ಕಚೇರಿಯ ಮುಖ್ಯಾಧಿಕಾರಿ ಭೀಮರಾಯರು ಸಮಾಧಾನದ ಮನುಷ್ಯ.

"ಸರ್, ಅದ ನನ್ನ ಪ್ರಬಂಧರಿ. ತಪ್ಪಿ ಬಂದೈತಿ. ವಾಪಸ ಕೊಡ್ರಿ."

"ತಂಗಿ, ಆವಕ ನಂಬರ ಬಿದ್ದಮ್ಯಾಲ ಅದು ಪ್ರಬಂಧ ಅಲ್ಲ, ಪ್ರಕರಣ."

"ಆದ್ರ ಲಕ್ಸೆಂಬರ್ಗ ಹುಕ್ಕೇರಿ ತಾಲೂಕಿನಾಗ ಇಲ್ರಿ ಸರ್. ಯುರೋಪದಾಗ ಐತಿ!"

ಭೀಮರಾಯರು ಕನ್ನಡಕ ತೆಗೆದರು. "ಖರೇನ?"

"ಖರೇನ್ರಿ."

"ಅಂದ್ರ ಸ್ಥಳ ಪರಿಶೀಲನಾಕ್ಕ ವಿಮಾನದಾಗ ಹೋಗಬೇಕೇನು?"

ಅವರು ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ನಿಯಮ ಹೇಳಿದರು. ಪ್ರಕರಣ ಹಿಂದೆ ಪಡೆಯಬೇಕಾದರೆ ಅರ್ಜಿದಾರರೆಲ್ಲರ ಸಹಿ ಬೇಕು. ಅರ್ಜಿದಾರರು ಲಕ್ಸೆಂಬರ್ಗದ ರಹವಾಸಿಗಳು. ಎಷ್ಟು ಮಂದಿ ಇದ್ದಾರೆ?

"ಆರೂವರಿ ಲಕ್ಷದ ಮ್ಯಾಲ ಅದಾರ್ರಿ."

"ಎಲ್ಲಾರ ಆಧಾರ ಝೆರಾಕ್ಸ, ಎರಡೆರಡ ಪ್ರತಿ."

ಪಕ್ಕದಲ್ಲಿ ನಿಂತಿದ್ದ ರಾಜಪ್ಪನಿಗೆ ಒಂದೇ ಚಿಂತೆ. ತಾನು ಖುರ್ದ ಎಂದು ಬರೆದದ್ದು ಸರಿಯೋ ತಪ್ಪೋ ಎಂದು ಮೆಲ್ಲಗೆ ಕೇಳಿದ. ಬೆಲ್ಜಿಯಂ ದೇಶದೊಳಗೂ ಲಕ್ಸೆಂಬರ್ಗ ಎಂಬ ಇನ್ನೊಂದು ಪ್ರಾಂತ ಇದೆ, ಅದು ಈ ದೇಶಕ್ಕಿಂತ ದೊಡ್ಡದು ಎಂದು ಅರ್ಚನಾ ಅಳುತ್ತಲೇ ಒಪ್ಪಿಕೊಂಡಳು.

"ಹಂಗಾರ ಅದು ಬುದ್ರುಕ. ನಾ ಬರದದ್ದು ಸರಿ ಐತಿ," ಎಂದು ರಾಜಪ್ಪ ಉಸಿರು ಬಿಟ್ಟ.

ಸತ್ತೆವ್ವ ಇಷ್ಟು ಹೊತ್ತು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಕುಲಗೋಡದ ಬಸ್ಸಿನಲ್ಲಿ ಕೂತ ಮೇಲೆ ಮೊಮ್ಮಗಳ ಕಣ್ಣು ಒರೆಸಿ ಕೇಳಿದಳು, "ಅರ್ಚಿ, ನಮ್ಮ ಕಾಗದ ಒಂದ ವರ್ಷದಾಗ ಆ ಟೇಬಲ್ಲಿನ ಮ್ಯಾಲ ನಿಂತಿಲ್ಲ. ಆ ಊರಿನವರದು ಒಂದ ದಿನದಾಗ ದೊಡ್ಡ ಸಾಹೇಬನ ಕೈಗೆ ಹೋತು. ಅವರೇನ ಪುಣ್ಯಾ ಮಾಡ್ಯಾರ?"

"ನಕಾಶೆಗೆ ಬಣ್ಣ ಐತಿ ಆಯಿ."

"ಅವರಿಗೂ ಮೂಡಲಕ್ಕ ಒತ್ತಿದವನ ಅದಾನೇನು?"

"ಹೂಂ. ಜರ್ಮನಿ."

"ಹಂಗಾರ ವಾಪಸ ಕೇಳಬ್ಯಾಡ. ಅದು ಹೊಂಟೈತಿ, ಹೋಗಲಿ. ನಾವು ಅದರ ಬೆನ್ನ ಹತ್ತೂನು."

ಪ್ರಕರಣ ನಿಜಕ್ಕೂ ಹೊರಟಿತು. ಮೊದಲ ಹೆಜ್ಜೆ ಬಾಜೂದಾರರಿಗೆ ನೋಟೀಸು. ಬೆಲ್ಜಿಯಂ ಮತ್ತು ಫ್ರಾನ್ಸ್ ಹುಕ್ಕೇರಿ ತಾಲೂಕಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. 'ಸುಗ್ಗಿಗೆ ಬೇರೆ ಊರಿಗೆ ಹೋದಂತೆ ತಿಳಿದುಬಂದಿದೆ' ಎಂದು ನೋಟೀಸು ಒಯ್ದ ಜವಾನ ಬರೆದ. ಜರ್ಮನಿ ಮಾತ್ರ ಸಂಕೇಶ್ವರದಲ್ಲಿ ಸಿಕ್ಕಿತು. ಅಲ್ಯೂಮಿನಿಯಂ ಪಾತ್ರೆಗೆ ನಾವು ಜರ್ಮನ್ ಪಾತ್ರೆ ಎನ್ನುವುದು ಎಲ್ಲರಿಗೂ ಗೊತ್ತು. ಸಂಕೇಶ್ವರದ ಬಜಾರದಲ್ಲಿ ಮಹೇಶ ಎಂಬವನ ಅಂಗಡಿಯ ಮೇಲೆ 'ಜರ್ಮನ್, ಸ್ಟೀಲ್, ಹಿತ್ತಾಳೆ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿತ್ತು. ಜವಾನ ನೋಟೀಸು ಅವನ ಕೈಗಿಟ್ಟ.

ಹೆದ್ದಾರಿ ಅಗಲ ಮಾಡಲು ಅಂಗಡಿ ಕೆಡವುತ್ತಾರೆ ಎಂದೇ ಮಹೇಶ ತಿಳಿದ. "ಅಂಗಡಿ ಬಾಬತ್ತೇನ್ರಿ?"

"ಅಲ್ರಿ, ಹೊಲದ ಒಡ್ಡಿಂದು. ನಿಮ್ಮ ಕಡೆ ನಾಕ ಸೆಂಟಿಮೀಟರ ಸರಸಾವರು."

"ಎಲ್ಲಿ ಹೊಲಾ? ನನಗ ಹೊಲಾನ ಇಲ್ಲಲ್ರಿ!"

"ಹಂಗಾರ ನಿಮಗೇನ ತ್ರಾಸ?"

ಅದೂ ಖರೆ ಅನಿಸಿ ಮಹೇಶ ಬರೆದುಕೊಟ್ಟ: 'ಸದರಿ ಒಡ್ಡು ಸರಿಸಲು ನಮ್ಮದೇನೂ ತಕರಾರು ಇರುವುದಿಲ್ಲ. ಜರ್ಮನ್, ಸ್ಟೀಲ್ ಮತ್ತು ಹಿತ್ತಾಳೆಯ ಪರವಾಗಿ, ಮಹೇಶ.' ಜವಾನನಿಗೆ ಒಂದು ಚಹಾ ಸೋಸುವ ಜಾಳಿಗೆಯನ್ನೂ ಕೊಟ್ಟು ಕಳಿಸಿದ. ಯುದ್ಧ ಮುಗಿದಾಗಿನಿಂದ ದೊಡ್ಡ ದೊಡ್ಡವರು ಸೇರಿ ಪಡೆಯಲಾಗದಂಥ ಒಪ್ಪಿಗೆ ಹೀಗೆ ಕಡತಕ್ಕೆ ಸೇರಿತು.

ಎರಡನೆಯ ಹೆಜ್ಜೆ ಸ್ಥಳ ಪರಿಶೀಲನೆ. ಭೀಮರಾಯರು ಹನ್ನೊಂದು ದಿನದ ಪ್ರವಾಸ ಮಂಜೂರು ಮಾಡಿಸಿಕೊಂಡು ಲಕ್ಸೆಂಬರ್ಗಕ್ಕೆ ಎಂದು ಹೆಂಡತಿ ಮಕ್ಕಳ ಸಮೇತ ಹೊರಟರು. ಬರುವಾಗ ಬಿಸಿಲಿಗೆ ಕಪ್ಪಾಗಿದ್ದರು, ಕಾಲಲ್ಲಿ ಮರಳಿತ್ತು, ಕೈಯಲ್ಲಿ ಎರಡು ಕಿಲೋ ಗೋಡಂಬಿ ಇತ್ತು. ಲಕ್ಸೆಂಬರ್ಗದ ಗೋಡಂಬಿ ಬಹಳ ರುಚಿ ಎಂದು ಎಲ್ಲರಿಗೂ ಹಂಚಿದರು. ವರದಿಯಲ್ಲಿ 'ಸದರಿ ದೇಶದ ಪಡುವಲಕ್ಕೆ ಸಮುದ್ರವಿದ್ದು, ಜನ ಕೊಂಕಣಿ ಮಾತಾಡುತ್ತಾರೆ' ಎಂದು ಬರೆದರು. ಅರ್ಚನಾಳ ನಕಾಶೆಯಲ್ಲಿ ಸಮುದ್ರ ಇರಲಿಲ್ಲ. ರಾಜಪ್ಪ ನೀಲಿ ಪೆನ್ನಿನಿಂದ ಒಂದನ್ನು ಸೇರಿಸಿದ.

ಇಷ್ಟರಲ್ಲಿ ದೀಪಾವಳಿಗೆ ಒಂಬತ್ತು ದಿನ ಉಳಿಯಿತು. ಸೋಮಲಿಂಗ ಕಟ್ಟೆ ಕೀಳಲು ಜೆಸಿಬಿಗೆ ಹೇಳಿಟ್ಟ. ಸತ್ತೆವ್ವ ರಾತ್ರಿ ಊಟ ಬಿಟ್ಟಳು, ಹಗಲು ಬೇವಿನ ಗಿಡದ ಕೆಳಗೆ ಕಾವಲು ಕೂತಳು. ಹೀಗೆ ಕೂತಿದ್ದಾಗಲೇ ಒಂದು ದಿನ ಸರ್ವೇಯರ ಸಿದ್ರಾಯ ಮೋಟಾರ್‌ಸೈಕಲ್ಲಿನಲ್ಲಿ ಕುಲಗೋಡಕ್ಕೆ ಬಂದ. ಅಳತೆ ಮಾಡಿ ಕಲ್ಲು ನೆಡುವುದು ಅವನ ಪಾಲಿನ ಕೆಲಸ. ಹುಕ್ಕೇರಿ ತಾಲೂಕನ್ನು ನಾಲ್ಕು ದಿನ ಜಾಲಾಡಿ, ಕೊನೆಗೆ ಅರ್ಜಿಯ ಮೇಲಿದ್ದ ಕುಲಗೋಡದ ವಿಳಾಸ ಹಿಡಿದು ಬಂದಿದ್ದ. ತಿಂಗಳ ಕೊನೆಗೆ ಇಷ್ಟು ಪ್ರಕರಣ ಮುಗಿಸಲೇಬೇಕೆಂಬ ಹುಕುಮಿತ್ತು, ಅದಕ್ಕೆ ಒಂದು ಕಡಿಮೆ ಬಿದ್ದಿತ್ತು.

"ಲಕ್ಸಂಬುರ್ಗಿ ಎಲ್ಲಿ ಬರತೈತ್ರಿ?" ಎಂದು ಊರ ಕಟ್ಟೆಯಲ್ಲಿ ಕೇಳಿದ. ಗೊತ್ತಿಲ್ಲ ಎಂದು ಹೇಳುವುದು ನಮ್ಮವರ ಜಾಯಮಾನದಲ್ಲಿಲ್ಲ. ಒಬ್ಬ ಬಡಗಲಕ್ಕೆ ಕೈ ತೋರಿಸಿದ, ಒಬ್ಬ ತೆಂಕಲಕ್ಕೆ. ಮೂರನೆಯವನು ತನ್ನ ಅಕ್ಕನನ್ನು ಅಲ್ಲಿಗೇ ಕೊಟ್ಟದ್ದೆಂದ. ಸಿದ್ರಾಯ ಹೊಲದ ದಾರಿ ಹಿಡಿದು ಬೇವಿನ ಗಿಡದ ಹತ್ತಿರ ಬಂದು ಸತ್ತೆವ್ವಳಿಗೂ ಅದೇ ಕೇಳಿದ.

ಸತ್ತೆವ್ವ ಒಂದು ಕ್ಷಣ ಅವನ ಕೈಯಲ್ಲಿದ್ದ ಬಣ್ಣದ ನಕಾಶೆ ನೋಡಿದಳು. ಹಸಿರು ಬಣ್ಣ ಗುರುತು ಸಿಕ್ಕಿತು.

"ಇದ ನೋಡ್ರಿ ಲಕ್ಸಂಬುರ್ಗಿ," ಎಂದಳು. "ನೀವು ಅದರಾಗ ನಿಂತೀರಿ."

ಸಿದ್ರಾಯ ಕಾಲ ಕೆಳಗೆ ನೋಡಿಕೊಂಡ. "ಮೂಡಲಕ್ಕ ಯಾರ್ರಿ?"

"ಜರ್ಮನಿ. ಆ ಕಬ್ಬು ಐತೆಲ್ಲ, ಅದು."

"ಪಡುವಲಕ್ಕ?"

ಸತ್ತೆವ್ವ ಮೊಮ್ಮಗಳ ಕಡೆ ನೋಡಿದಳು. ಬುತ್ತಿ ತಂದಿದ್ದ ಅರ್ಚನಾ ಬಂಡಿ ದಾರಿಯನ್ನು ತೋರಿಸಿ, ತಗ್ಗಿದ ದನಿಯಲ್ಲಿ, "ಬೆಲ್ಜಿಯಂರಿ," ಎಂದಳು. ಹಳ್ಳ ಫ್ರಾನ್ಸ್ ಆಯಿತು. ನಕಾಶೆಯಲ್ಲಿ ಜರ್ಮನಿಯ ಕಡೆ ನಾಲ್ಕು ಸೆಂಟಿಮೀಟರು ಸರಿಸಬೇಕೆಂದು ಗೀಟು ಇತ್ತು. ಸೆಂಟಿಮೀಟರಿಗೆ ಒಂದು ಗುಂಟೆ ಎಂದು ಸಿದ್ರಾಯ ಲೆಕ್ಕ ಹಿಡಿದ. ಕಬ್ಬಿನೊಳಗೆ ಅಳೆಯುತ್ತ ಹೋದಂತೆ ಹಳೆಯ ಒಡ್ಡಿನ ಬುಡ ಸರಿಯಾಗಿ ಅಲ್ಲೇ ಸಿಕ್ಕಿತು. ಅವನಿಗೇ ಆಶ್ಚರ್ಯವಾಯಿತು. ಇಷ್ಟು ಕರಾರುವಾಕ್ಕಾದ ನಕಾಶೆ ಅವನ ಕೈಗೆ ಹಿಂದೆಂದೂ ಬಂದಿರಲಿಲ್ಲ.

"ಉತಾರ ಕೊಡ್ರಿ," ಎಂದು ಸಿದ್ರಾಯ ಅವಳ ಚೀಲದಲ್ಲಿದ್ದ ಉತಾರ ಇಸಿದುಕೊಂಡು ಓದಿದ. "ಖಾತೇದಾರ ಶೆಟ್ಟೆಪ್ಪ... ಎಲ್ಲಿ ಅವರು? ಖುದ್ದ ಹಾಜರ ಇರಬೇಕು."

ಇದೇ ಮಾತಿನ ಮೇಲೆ ಒಂದು ವರ್ಷ ಹೋಗಿತ್ತು. ಸತ್ತೆವ್ವ ಎದ್ದು ನಿಂತಳು. "ಇಲ್ಲೇ ಅದಾರಲ್ರಿ," ಎಂದಳು ಕಟ್ಟೆಯ ಕಡೆ ಕೈಮಾಡಿ. "ಮಲ್ಕೊಂಡಾರ. ಮೂರ ವರ್ಷಾತು, ಜಾಗಾ ಬಿಟ್ಟ ಕದಲಿಲ್ಲ."

ಸಿದ್ರಾಯ ಚಪ್ಪಲಿ ಬಿಟ್ಟು ಕಟ್ಟೆಗೆ ಕೈ ಮುಗಿದ. ಆಮೇಲೆ ಬೇವಿನ ನೆರಳಲ್ಲಿ ಕೂತು ಪಂಚನಾಮೆ ಬರೆದ: 'ಖಾತೇದಾರರು ಸ್ಥಳದಲ್ಲಿ ಖುದ್ದು ಹಾಜರಿದ್ದರು. ಅಳತೆ ಮುಗಿಯುವವರೆಗೂ ಜಾಗ ಬಿಟ್ಟು ಕದಲಲಿಲ್ಲ. ಯಾವುದೇ ತಕರಾರು ಮಾಡಲಿಲ್ಲ.' ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗೆ ನೋಡಿದರೆ ಇಡೀ ಕಡತದಲ್ಲಿ ಸುಳ್ಳಿಲ್ಲದ ಹಾಳೆ ಅದೊಂದೇ.

ಗುರುವಾರ ಆದೇಶವಾಯಿತು: 'ಲಕ್ಸಂಬುರ್ಗಿ ಖುರ್ದ, ಹುಕ್ಕೇರಿ ತಾಲೂಕು, ಯುರೋಪ, ಇದರ ಮೂಡಲ ಹದ್ದನ್ನು, ಬೇವಿನ ಗಿಡ ಒಂದು ಹಾಗೂ ಕಟ್ಟೆ ಒಂದು ಒಳಗೊಂಡಂತೆ, ನಾಲ್ಕು ಗುಂಟೆ ಮುಂದಕ್ಕೆ ನಿಗದಿಪಡಿಸಿದೆ. ಇದನ್ನು ಮೀರಿ ಒಳಗೆ ಬರುವುದನ್ನು ಅನ್ಯದೇಶದ ಮೇಲಿನ ಆಕ್ರಮಣ ಎಂದು ಭಾವಿಸಲಾಗುವುದು. ಎರಡನೆಯ ಮಹಾಯುದ್ಧದ ಬಾಬತ್ತು ಇಲ್ಲಿಗೆ ಮುಕ್ತಾಯಗೊಂಡಿದೆ. ಮೂರನೆಯದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.'

ಶನಿವಾರ 'ಲ.ಖು.' ಎಂದು ಕೆತ್ತಿದ ಕಲ್ಲು ನೆಟ್ಟರು. ಜೆಸಿಬಿಯವನು ಬಂದು ಕಲ್ಲು ನೋಡಿ, ಪರದೇಶಕ್ಕೆ ತನ್ನ ಲೈಸನ್ಸು ನಡೆಯುವುದಿಲ್ಲ ಎಂದು ಹಿಂದಕ್ಕೆ ಹೋದ. ಸೋಮಲಿಂಗ ಕೆಂಡವಾಗಿ ಕಚೇರಿಗೆ ಓಡಿದ.

"ನೀವು ಜರ್ಮನಿಯವರೇನು?" ಎಂದ ರಾಜಪ್ಪ.

"ಕುಲಗೋಡದಾವ ರೀ ನಾನು! ನನ್ನ ಕಬ್ಬಿನಾಗ ಕಲ್ಲ ನೆಟ್ಟಾರ!"

"ಮೂಡಲದ ಬಾಜೂದಾರ ಜರ್ಮನಿ ಅಂತ ಐತಿ. ಜರ್ಮನಿ ಒಪ್ಪಿಗಿ ಬರಕೊಟ್ಟೈತಿ. ನಿಮ್ಮ ತಕರಾರ ತಗೋಬೇಕಂದ್ರ ನೀವು ಅವರ ವಾರಸುದಾರ ಅಂತ ಕಾಗದ ತರಬೇಕು."

ಸೋಮಲಿಂಗ ಸಂಕೇಶ್ವರಕ್ಕೆ ಹೋಗಿ ಮಹೇಶನ ಅಂಗಡಿಯಲ್ಲಿ ಅರ್ಧ ದಿನ ವಾದ ಮಾಡಿದ. ವಾರಸಾ ಕಾಗದ ಸಿಗಲಿಲ್ಲ. ಬರಿಗೈಯಲ್ಲಿ ಬರುವುದು ಬೇಡವೆಂದು ಎರಡು ಜರ್ಮನ್ ಬೋಗಾಣಿ ಕೊಂಡು ತಂದ. ದೀಪಾವಳಿ ಕಳೆಯಿತು. ಕಬ್ಬಿನ ಸಾಲುಗಳು ಕಲ್ಲಿನ ಆಚೆಗೇ ನಿಂತವು.

ಅರ್ಚನಾ ಪ್ರಬಂಧದ ಬದಲು ಆದೇಶದ ನಕಲನ್ನೇ ಸಿಕ್ಕೆ ಸಮೇತ ಕಾಲೇಜಿಗೆ ಒಪ್ಪಿಸಿದಳು. ಸರ್ ಹತ್ತಕ್ಕೆ ಎರಡು ಅಂಕ ಕೊಟ್ಟು ಕೆಂಪಿನಲ್ಲಿ ಬರೆದರು: 'ಇದು ಪರ್ಯಾಯ ಇತಿಹಾಸವಲ್ಲ, ಇತಿಹಾಸ. ವಿಷಯ ಬಿಟ್ಟು ಬರೆಯಲಾಗಿದೆ.'

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಪಂಚನಾಮೆಯ ಪ್ರತಿಗಳು ನಿಯಮದಂತೆ ಎಲ್ಲ ಕಡೆಗೂ ಹೋಗಿದ್ದವು. ತಿಂಗಳ ಮೇಲೆ ಸತ್ತೆವ್ವಳ ಮನೆಗೆ, ವಿಧವಾ ವೇತನ ಕೊಡುವವರ ಕಡೆಯಿಂದ ಒಂದು ಪತ್ರ ಬಂತು. ಅರ್ಚನಾ ಓದಿ ಹೇಳಿದಳು: 'ನಿಮ್ಮ ಪತಿ ಶೆಟ್ಟೆಪ್ಪ ಇವರು ಅಳತೆಯ ಕಾಲಕ್ಕೆ ಖುದ್ದು ಹಾಜರಿದ್ದುದು ಪಂಚನಾಮೆಯಿಂದ ಸಾಬೀತಾಗಿದೆ. ಸದ್ಯ ಅವರು ಪರದೇಶದಲ್ಲಿ ವಾಸವಿರುತ್ತಾರೆ. ಕಾರಣ ನೀವು ವಿಧವೆ ಅಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ವೇತನ ನಿಲ್ಲಿಸಿದೆ.'

"ಸೂಕ್ಷ್ಮ ಅನ್ನೂದ ಐತೋ ಇಲ್ಲೋ ಇವರಿಗೆ!" ಅರ್ಚನಾ ಪತ್ರ ಹರಿಯಲು ಹೋದಳು. "ಆಯಿ, ನಾಳೆ ಹೋಗಿ ತಕರಾರ ಹಾಕೂನು ನಡಿ."

ಸತ್ತೆವ್ವ ಪತ್ರ ಕಸಿದುಕೊಂಡಳು. ಬಹಳ ಹೊತ್ತು ಸಿಕ್ಕೆಯ ಮೇಲೆ ಬೆರಳಾಡಿಸಿದಳು.

"ಅಂದ್ರ ಸರಕಾರದ ಪ್ರಕಾರ ಅವರು ಅದಾರ?"

"ಅದಾರಂತ."

"ನಾ ರಂಡಿಮುಂಡಿ ಅಲ್ಲ?"

"ಅಲ್ಲಂತ ಬರದಾರ, ಆಯಿ."

ಸತ್ತೆವ್ವ ಎದ್ದು ಟ್ರಂಕಿನ ತಳದಿಂದ ಕುಂಕುಮದ ಭರಣಿ ತೆಗೆದಳು. ಮೂರು ವರ್ಷ ಮುಟ್ಟದ್ದಕ್ಕೆ ಕುಂಕುಮ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಹಣೆಗೆ ರೂಪಾಯಿಯಷ್ಟಗಲ ಇಟ್ಟುಕೊಂಡಳು. ಸೋಮವಾರದ ಸಂತೆಗೆ ಹೋಗಿ ಎರಡೂ ಕೈಗೆ ಹಸಿರು ಬಳೆ ಇಡಿಸಿಕೊಂಡು, ಓಣಿಯ ನಡುವೆ ತಲೆ ಎತ್ತಿ ನಡೆದು ಬಂದಳು. ಖರೆ ಹೇಳಬೇಕೆಂದರೆ ಆಕೆಗೆ ಅಷ್ಟು ಸುಖ ನಾಲ್ಕು ಗುಂಟೆ ಬಂದಾಗಲೂ ಆಗಿರಲಿಲ್ಲ.

ಓಣಿಯಲ್ಲಿ ಗುಸುಗುಸು ಎದ್ದಿತು. ಮಾತು ಊರಿನ ಹಿರಿಯ, ಗುಡಿಯ ಪೂಜಾರಿ ಬೀರಸಿದ್ದಪ್ಪನ ಮುಂದೆ ಹೋಯಿತು. ಅವನಿಗೆ ಪತ್ರ ತೋರಿಸಿದರು. ಅವನು ಅದನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, "ಸಿಕ್ಕೆ ಐತೆಲ್ಲ. ಮತ್ತೇನ ಬೇಕು?" ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲು ಕರೆಯಲು ಬಂದವಳು ಸೋಮಲಿಂಗನ ಹೆಂಡತಿ ಅನ್ನಪೂರ್ಣಾ. ಬಸುರಿ ಸೊಸೆಯ ಕುಬುಸದ ಕಾರ್ಯ ಇತ್ತು, ಐದು ಮಂದಿ ಮುತ್ತೈದೆಯರಲ್ಲಿ ಒಬ್ಬರು ಕಡಿಮೆ ಬಿದ್ದಿದ್ದರು. "ಬರ್ರಿ ಅತ್ತಿ, ನೀವ ಬಂದ ಮೊದಲ ಉಡಿ ತುಂಬ್ರಿ. ಯಜಮಾನ್ರು ಪರದೇಶದಾಗ ಇರೂರು ನಮ್ಮ ಊರಾಗ ಮತ್ತ್ಯಾರ ಅದಾರ?" ಎಂದಳು. ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಆ ದಿನ ಕುಂಕುಮದ ತಟ್ಟೆ ಸತ್ತೆವ್ವಳ ಮುಂದೆ ಬಂದು ನಿಂತಿತು.

ಮುಂದಿನ ಅಮಾವಾಸ್ಯೆಗೆ ಸತ್ತೆವ್ವ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದಳು. ಕಲ್ಲಿನಾಚೆ ಸೋಮಲಿಂಗ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಟ್ರ್ಯಾಕ್ಟರಿನಲ್ಲಿ ಮೂರು ವರ್ಷ ಹೇಳದೆ ಕೇಳದೆ ಒಳಗೆ ಬಂದವನು, ಈಗ ಕಲ್ಲಿನ ಹತ್ತಿರ ಚಪ್ಪಲಿ ಬಿಟ್ಟು ನಿಂತು ಕೂಗಿದ. "ಕಾಕು, ಸಲಿಕಿ ಗಿಡಕ್ಕ ಆನಿಸಿಟ್ಟ ಹೋಗೇನಿ. ಒಳಗ ಬರಲೇನ್ರಿ?"

"ಅಲ್ಲೇ ನಿಂದರ. ನಾನ ತಂದ ಕೊಡತೀನಿ," ಎಂದಳು ಸತ್ತೆವ್ವ. ಗಡಿಯಾಚೆಗೆ ಸಲಿಕೆಯನ್ನೂ ಎರಡು ಹೋಳಿಗೆಯನ್ನೂ ದಾಟಿಸಿದಳು.

ಆಮೇಲೆ ಬಂದು ಕಟ್ಟೆಯ ಹತ್ತಿರ ಕೂತಳು. ಮುಂಜಾನೆಯ ಬಿಸಿಲು ಅವನು ಕೇಳಿದ್ದಂತೆಯೇ ಬಿದ್ದಿತ್ತು. ಹೋಳಿಗೆಯ ಮೇಲೆ ತುಪ್ಪ ಹಾಕಿ ಎಡೆ ಇಟ್ಟಳು. ಬಳೆ ಸಪ್ಪಳ ಮಾಡಿದವು. ಅವನಿಗೆ ಕೇಳಿಸಲೆಂದು ಇನ್ನೊಮ್ಮೆ ಕೈ ಆಡಿಸಿದಳು. ಕಣ್ಣಲ್ಲಿ ನೀರು ಬಂತು.

"ಕೇಳಿದ್ರ್ಯಾ? ನೀವು ಬದುಕೀರಂತ, ಸಿಕ್ಕೆ ಹಾಕಿ ಕೊಟ್ಟಾರ," ಎಂದಳು. "ಆದ್ರ ಏಳಬ್ಯಾಡ್ರಿ. ಹಂಗ ಮಲ್ಕೊಂಡಿರ್ರಿ. ನೀವು ಎದ್ರಂದ್ರ ಮತ್ತ ಅರ್ಜಿ ಕೊಡಬೇಕಾಗತೈತಿ."

ಖಾತೇದಾರರು ಯಾವುದೇ ತಕರಾರು ಮಾಡಲಿಲ್ಲ.